ಎಣಿಕೆ ಮುಗಿದ ಮೇಲೆ ಕಾಗದ ತಾಳೆ ನೋಡುವ ಕೆಲಸ

2022ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಒಟೆರೊ, ಅರಿಜೋನಾ ರಾಜ್ಯದ ಕೊಚೀಸ್ ಕೌಂಟಿಗಳ (ನಮ್ಮ ಜಿಲ್ಲೆಯಂಥವು) ಮಂಡಳಿಗಳು ಚುನಾವಣಾ ಫಲಿತಾಂಶಕ್ಕೆ ಸಹಿ ಹಾಕದೆ ಕೂತವು. ನ್ಯಾಯಾಲಯವೇ ಆದೇಶಿಸಬೇಕಾಯಿತು. ಅದೇ ವರ್ಷ ಅಮೆರಿಕದ ಸಂಸತ್ತು ಕಾನೂನು ತಿದ್ದಿತು: ಅಧ್ಯಕ್ಷರನ್ನು ಆರಿಸಲು ಒಂದು ರಾಜ್ಯ ಕಳಿಸುವ ಎಲೆಕ್ಟೊರಲ್ ಮತಗಳಿಗೆ ತಕರಾರು ತೆಗೆಯಲು ಎರಡೂ ಸದನಗಳಲ್ಲಿ ತಲಾ ಐದನೇ ಒಂದು ಭಾಗದಷ್ಟು ಸದಸ್ಯರ ಸಹಿ ಬೇಕು; ಮೊದಲು ಒಬ್ಬೊಬ್ಬರು ಸಾಕಿತ್ತು. ಅದು ಮೇಲ್ಮಟ್ಟದ ದುರಸ್ತಿ. ಯಂತ್ರ ಹೇಳಿದ್ದನ್ನು ಕಾಗದವೂ ಹೇಳುತ್ತದೆಯೇ ಎಂಬ ಸಂಶಯ ಬಗೆಹರಿಯುವುದು ಎಣಿಕೆ ಕೋಣೆಯಲ್ಲಿ. ಕೆಲವು ಮತಪತ್ರ ಎತ್ತಿ ಯಂತ್ರದ ದಾಖಲೆಯೊಂದಿಗೆ ತಾಳೆ ನೋಡುವ ಈ ಆಡಿಟ್ ನಾವು ಮಾಡುವುದು ಕೊಲರಾಡೊ ರಾಜ್ಯದ ಪದ್ಧತಿಯಂತೆ. ಇಡೀ ರಾಜ್ಯದಲ್ಲಿ ಇದನ್ನು ಮೊದಲು ನಡೆಸಿದ್ದು ಕೊಲರಾಡೊ, 2017ರಲ್ಲಿ.

ಮುಕ್ಕಾಲು ಪಾಲು ಶ್ರಮ ಹೋಗುವುದು ಪೆಟ್ಟಿಗೆ ಪಟ್ಟಿಗೆ. ಯಾವ ಪೆಟ್ಟಿಗೆಯಲ್ಲಿ ಯಾವ ಕಟ್ಟು, ಕಟ್ಟಿನಲ್ಲಿ ಎಷ್ಟು ಮತಪತ್ರ, ಸೀಲ್ ನಂಬರ್ ಏನು. ಈ ಪಟ್ಟಿಯನ್ನು ಸ್ಕ್ಯಾನರ್ ದಾಖಲೆಯಿಂದ ನಕಲು ಮಾಡಬಾರದು. ಹಾಗೆ ಮಾಡಿದರೆ ಸ್ಕ್ಯಾನರ್ ನುಂಗಿದ ಕಾಗದ ಪಟ್ಟಿಯಲ್ಲೂ ಇರುವುದಿಲ್ಲ, ತಪ್ಪು ತಪ್ಪನ್ನೇ ಮುಚ್ಚುತ್ತದೆ. 2020ರಲ್ಲಿ ಜಾರ್ಜಿಯಾದ ಫ್ಲಾಯ್ಡ್ ಕೌಂಟಿಯಲ್ಲಿ ಸ್ಕ್ಯಾನ್ ಆಗದೆ ಉಳಿದಿದ್ದ ಸುಮಾರು 2,600 ಮತಪತ್ರಗಳು ಸಿಕ್ಕಿದ್ದು ಕೈಯೆಣಿಕೆಯಲ್ಲಿ.

ಪಟ್ಟಿ ಮತ್ತು ಸ್ಕ್ಯಾನರ್ ದಾಖಲೆ ಎರಡನ್ನೂ ರಾಜ್ಯಕ್ಕೆ ಒಪ್ಪಿಸಿದ ಮೇಲೆಯೇ ದಾಳ. ಹತ್ತು ಮುಖದ ದಾಳವನ್ನು ಸಾರ್ವಜನಿಕರ ಮುಂದೆ ಎಸೆದು 20 ಅಂಕಿ ತೆಗೆಯುತ್ತಾರೆ. ಯಾವ ಮತಪತ್ರ ಎತ್ತಬೇಕೆಂದು ಆ ಸಂಖ್ಯೆಯಿಂದಲೇ ತೀರ್ಮಾನವಾಗುತ್ತದೆ. ಈ ಕ್ರಮ ತಿರುಗುಮುರುಗಾದರೆ ಆಡಿಟ್‌ಗೆ ಅರ್ಥವಿಲ್ಲ: ಸಂಖ್ಯೆ ಮೊದಲೇ ಗೊತ್ತಿದ್ದವನು ಆಯ್ಕೆಯಾಗುವ ಹಾಳೆಗಳಲ್ಲಿ ಮಾತ್ರ ಎಲ್ಲ ಸರಿಯಿರುವಂತೆ ನೋಡಿಕೊಳ್ಳಬಹುದು.

ಎಷ್ಟು ಎತ್ತಬೇಕು? ತಪ್ಪು ಫಲಿತಾಂಶ ಆಡಿಟ್ ಕಣ್ಣು ತಪ್ಪಿಸುವ ಸಾಧ್ಯತೆ 3% ಮೀರಬಾರದು ಎಂದಿಟ್ಟುಕೊಂಡರೆ, 7.29ನ್ನು ಗೆಲುವಿನ ಅಂತರದಿಂದ ಭಾಗಿಸಿ. ಅಂತರವೆಂದರೆ ಮತಗಳ ವ್ಯತ್ಯಾಸ ಭಾಗಿಸು ಒಟ್ಟು ಮತಪತ್ರ. ಒಂದು ಲಕ್ಷ ಮತಪತ್ರದಲ್ಲಿ 10,000 ಅಂತರವಿದ್ದರೆ 73 ಹಾಳೆ, 2,000 ಇದ್ದರೆ 365, 200 ಇದ್ದರೆ ಸುಮಾರು 3,650. ಒಂದೊಂದು ಹಾಳೆಯ ಸ್ಕ್ಯಾನರ್ ದಾಖಲೆ ಇಲ್ಲದ ಕಡೆ ಬೇರೆ ವಿಧಾನ ಬಳಸಬೇಕು, ಆಗ ಆ 365ರ ಜಾಗದಲ್ಲಿ ಸುಮಾರು 17,500 ಬೇಕು. ಕ್ಯಾಲಿಫೋರ್ನಿಯಾದ 1% ಮತಗಟ್ಟೆಗಳ ಕೈಯೆಣಿಕೆಯಾಗಲಿ, ಭಾರತದಲ್ಲಿ ವಿಧಾನಸಭಾ ಕ್ಷೇತ್ರಕ್ಕೆ 5 ವಿವಿಪ್ಯಾಟ್ ಯಂತ್ರಗಳ ಚೀಟಿ ಎಣಿಕೆ ಎಂಬ ನಿಯಮವಾಗಲಿ ಅಂತರವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದೊಡ್ಡ ಗೆಲುವಿಗೆ ಅದು ಅತಿಯಾಯಿತು, ಕೂದಲೆಳೆಯ ಗೆಲುವಿಗೆ ಏನೇನೂ ಸಾಲದು.

ಹಾಳೆ ಓದುವವರು ಇಬ್ಬರು, ಬೇರೆ ಬೇರೆ ಪಕ್ಷದವರು. ಕಾಗದದಲ್ಲಿ ಕಂಡದ್ದನ್ನು ಅವರು ತುಂಬಿ ಮುಗಿಸುವವರೆಗೆ ಯಂತ್ರ ಏನು ಓದಿತ್ತೆಂದು ತೋರಿಸುವುದಿಲ್ಲ. ಮೇಜಿನ ಮೇಲೆ ಕೆಂಪು ಪೆನ್ ಮಾತ್ರ. ನೀಲಿ, ಕಪ್ಪು ಪೆನ್ ಹತ್ತಿರವೂ ಸುಳಿಯಬಾರದು, ಏಕೆಂದರೆ ಆ ಶಾಯಿಯ ಗುರುತನ್ನು ಸ್ಕ್ಯಾನರ್ ಮತವೆಂದು ಓದುತ್ತದೆ. 2021ರಲ್ಲಿ ಅರಿಜೋನಾದ ಮಾರಿಕೋಪಾ ಮತಪತ್ರಗಳ ಖಾಸಗಿ ಮರುಪರಿಶೀಲನೆಯಲ್ಲಿ ಮೊದಲ ದಿನವೇ ಎಣಿಸುವವರ ಕೈಯಲ್ಲಿ ನೀಲಿ ಪೆನ್ ಇತ್ತು, ಪತ್ರಕರ್ತೆಯೊಬ್ಬರು ಹೇಳಿದ ಮೇಲೆ ಬದಲಾಯಿಸಿದರು.

ಬಹುಪಾಲು ವ್ಯತ್ಯಾಸ ಬರುವುದು ಮೋಸದಿಂದಲ್ಲ. ಕಟ್ಟಿನಲ್ಲಿ ಹಾಳೆಯ ಕ್ರಮ ಕೆಟ್ಟಿರುತ್ತದೆ, 47ನೆಯದರ ಬದಲು 48ನೆಯದು ಕೈಗೆ ಬರುತ್ತದೆ. ಸ್ಕ್ಯಾನ್ ಮಾಡುವಾಗಲೇ ಹಾಳೆಯ ಮೇಲೆ ನಂಬರ್ ಮುದ್ರಿಸುವ ಯಂತ್ರವಿದ್ದರೆ ಈ ತಲೆನೋವಿಲ್ಲ. ಇನ್ನೊಂದು, ಹರಿದ ಮತಪತ್ರ ಅಥವಾ ವಿದೇಶದಿಂದ ಸೈನಿಕರು ಕಳಿಸಿದ್ದು. ಇವನ್ನು ಸ್ಕ್ಯಾನರ್‌ಗೆ ಹೊಂದುವ ಹಾಳೆಗೆ ನಕಲು ಮಾಡಿರುತ್ತಾರೆ. ತಾಳೆ ನೋಡಬೇಕಾದ್ದು ಮೂಲದೊಂದಿಗೆ.

ಹಾಳೆ ಸಿಗಲೇ ಇಲ್ಲವೆಂದರೆ? ಅದನ್ನು ಬಿಟ್ಟು ಮುಂದಿನದನ್ನು ಎತ್ತುವಂತಿಲ್ಲ. ಗೆದ್ದವರ ಮತವೆಂದು ದಾಖಲಾಗಿದ್ದರೆ ಸೋತವರದೆಂದೇ ಹಿಡಿಯಬೇಕು, ಅಂದರೆ ಎರಡು ಮತದ ತಪ್ಪು. 2% ಅಂತರದ ಸ್ಪರ್ಧೆಯಲ್ಲಿ ಅಂಥ ಒಂದೇ ಹಾಳೆ ಸುಮಾರು 340 ಹಾಳೆಯ ಕೆಲಸ ಹೆಚ್ಚಿಸುತ್ತದೆ. ಪೆಟ್ಟಿಗೆ ಪಟ್ಟಿಗೆ ಅಷ್ಟು ಹೊತ್ತು ಕೊಡುವುದು ಇದಕ್ಕೇ.

ಮತದಾರರ ಪಟ್ಟಿಯಿಂದ ಹೆಸರು ಕಿತ್ತದ್ದು, ಕ್ಷೇತ್ರದ ಗಡಿಯನ್ನು ಬೇಕಾದಂತೆ ಎಳೆದದ್ದು ಈ ಆಡಿಟ್‌ನಲ್ಲಿ ಕಾಣಿಸುವುದಿಲ್ಲ. ಕಾನೂನಿನಲ್ಲಿ ಬರೆಸಬೇಕಾದ್ದು ಎರಡು. ಆಡಿಟ್ ಸಹಿಗಿಂತ ಮೊದಲೇ ಮುಗಿಯಬೇಕು, ಮತ್ತು ತಾಳೆಯಾಗದಿದ್ದರೆ ಪೂರ್ತಿ ಕೈಯೆಣಿಕೆಗೆ ಹೋಗುವ ಅಧಿಕಾರ ಅದಕ್ಕಿರಬೇಕು. ಮತದಾರ ಕೈಯಾರೆ ಗುರುತು ಹಾಕಿದ ಕಾಗದವಿದ್ದರಂತೂ ಒಳ್ಳೆಯದು. ಜಾರ್ಜಿಯಾದಲ್ಲಿ ಟಚ್ ಸ್ಕ್ರೀನ್ ಒತ್ತಿದ ಮೇಲೆ ಮುದ್ರಣವಾಗಿ ಬರುತ್ತಿದ್ದ ಹಾಳೆಯಲ್ಲಿ 2020ರಲ್ಲಿ ಕ್ಯೂಆರ್ ಕೋಡ್ ಇತ್ತು, ಸ್ಕ್ಯಾನರ್ ಓದಿದ್ದು ಆ ಕೋಡನ್ನು, ಆಡಿಟ್‌ನವರು ಓದಿದ್ದು ಪಕ್ಕದ ಅಕ್ಷರಗಳನ್ನು. ಆ ಅಕ್ಷರಗಳನ್ನು ಮತದಾರ ಓದಿ ನೋಡಿದ್ದರೆ ಮಾತ್ರ ಅದು ಅವನ ಮತವೆಂದು ಹೇಳಬಹುದು.