ಮಳೆಗಾಲಕ್ಕೆ ಮುನ್ನೂರು, ಪಂದ್ಯಕ್ಕೆ ಸಿಲಿಂಡರ್

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗಿರುವ ಅಡಿಕೆ ತೋಟದ ಮನೆ. ಪಕ್ಕದಲ್ಲಿ ಅಡಿಕೆ ಸುಲಿಯುವ ಕೊಟ್ಟಿಗೆ, 40 ಅಡಿ ಉದ್ದ. ಏರ್ ರೈಫಲ್ ಪಂದ್ಯದ ದೂರ 10 ಮೀಟರ್, ಅಂದರೆ 33 ಅಡಿಗೆ ಎರಡು ಇಂಚು ಕಮ್ಮಿ. ಕೊನೆಕೊಯ್ಲು ಮುಗಿಯಿತೆಂದರೆ ಆ ಕೊಟ್ಟಿಗೆಯೇ ನನ್ನ ರೇಂಜ್. ಒಂದು ತುದಿಯಲ್ಲಿ ಅಡಿಕೆ ದಬ್ಬೆಯ ಚೌಕಟ್ಟು, ಅದರ ಹಿಂದೆ ಒಳಗೆ ಓರೆಯಾಗಿ ಕಬ್ಬಿಣದ ತಗಡು ಕೂರಿಸಿದ ಪೆಟ್ಟಿಗೆ, ಎರಡು ಬಲ್ಬು. ಟಾರ್ಗೆಟ್ಟಿನ ನಡು ನೆಲದಿಂದ 1.4 ಮೀಟರ್ ಎತ್ತರಕ್ಕೆ ಬರಬೇಕು. ಅಲ್ಲಿ ಗೋಡೆಗೆ ಎಳೆದ ಗೆರೆ ಇಪ್ಪತ್ತು ವರ್ಷದಿಂದ ಹಾಗೇ ಇದೆ.

ಅಪ್ಪಯ್ಯನ ಕಾಲದಲ್ಲಿ ಮನೆಯಲ್ಲಿ ಒಂಟಿ ನಳಿಗೆಯ ತೋಟಾಕೋವಿ ಇತ್ತು. ಬೆಳೆ ರಕ್ಷಣೆ ಲೈಸೆನ್ಸಿನದು. ಚುನಾವಣೆ ಬಂತೆಂದರೆ ಠಾಣೆಗೆ ಒಯ್ದು ಜಮಾ ಮಾಡಬೇಕಿತ್ತು. ನಾನು ಏರ್ ರೈಫಲ್ ತಂದಾಗ ಪಕ್ಕದ ಮನೆಯವರು ಕೇಳಿದ್ದು ಒಂದೇ ಮಾತು: "ಇಷ್ಟು ದುಡ್ಡು ಕೊಟ್ಟು ತಂದಿದೀಯಲ್ಲ ಮಾರಾಯ, ಇದಕ್ಕೆ ಮಂಗ ಹೆದರುತ್ತಾ?" ಹೆದರಿಸುವ ವಸ್ತುವೇ ಅಲ್ಲ ಅದು. ಪಂದ್ಯದ ಏರ್ ರೈಫಲ್ಲಿನ ಶಕ್ತಿ ಸುಮಾರು 7.5 ಜೌಲ್. 4.5 ಮಿಲಿಮೀಟರಿನ ಸೀಸದ ಪೆಲೆಟ್ಟು ಸೆಕೆಂಡಿಗೆ 170 ಮೀಟರ್ ಆಸುಪಾಸಿನ ವೇಗದಲ್ಲಿ ಹೋಗುತ್ತದೆ, ಅಷ್ಟೆ. ಅದರ ಕೆಲಸ ಬೇರೆ. ಗುರಿಯ ಕಾರ್ಡಿನ ಹೊರಸುತ್ತಿನ ಅಡ್ಡಳತೆ 45.5 ಮಿಲಿಮೀಟರ್, ನಡುವಿನ ಹತ್ತರ ಚುಕ್ಕೆ ಬರೀ 0.5 ಮಿಲಿಮೀಟರ್. ಪೆನ್ನಿನ ಮೊನೆ ಊರಿದ ಗುರುತಿನಷ್ಟು. ಈಗ ಅದರೊಳಗೂ ದಶಮಾಂಶದ ಲೆಕ್ಕ: 10.0ರಿಂದ 10.9ರವರೆಗೆ. ಅರುವತ್ತು ಗುಂಡು, 75 ನಿಮಿಷ.

2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ 10.8 ಹೊಡೆದು ಚಿನ್ನ ಗೆದ್ದ ಮೇಲೆ, ಊರಿನ ಹುಡುಗರು, ಅವರಿಗಿಂತ ಹೆಚ್ಚಾಗಿ ಅವರ ಅಪ್ಪಂದಿರು, ನನ್ನ ಹತ್ತಿರ ಕೇಳಲು ಶುರು ಮಾಡಿದರು: ಯಾವ ರೈಫಲ್ ಒಳ್ಳೇದು? ನಾನು ರಾಜ್ಯಮಟ್ಟದ ಪಂದ್ಯಗಳವರೆಗೆ ಹೋದವನು, ಅದಕ್ಕಿಂತ ಮೇಲೆ ಹತ್ತಲಿಲ್ಲ. ಆದರೆ ಹಳೆಯದು ಒಂದು, ಹೊಸದು ಒಂದು, ಎರಡನ್ನೂ ಮಲೆನಾಡಿನ ಮಳೆಯಲ್ಲಿ ವರ್ಷಗಟ್ಟಲೆ ಬಳಸಿದ್ದೇನೆ. ಹಾಗಾಗಿ ಉತ್ತರ ಹೇಳಬಲ್ಲೆ.

ಹಳೆಯದು ಫೈನ್‌ವೆರ್ಕ್‌ಬೌ 300ಎಸ್. ನಾವು ಕರೆಯುವುದು ಬರೀ 'ಮುನ್ನೂರು'. ಜರ್ಮನಿಯ ಓಬರ್ನ್‌ಡಾರ್ಫ್‌ನಲ್ಲಿ ತಯಾರಾದದ್ದು. ಬೆಂಗಳೂರಿನ ಹಿರಿಯ ಶೂಟರ್ ಒಬ್ಬರು ಕಣ್ಣು ಮಂದವಾಗಿ ಆಟ ನಿಲ್ಲಿಸಿದಾಗ ನನಗೆ ಕೊಟ್ಟರು. ಒಳಗಿನ ರಬ್ಬರ್ ಭಾಗಗಳನ್ನೆಲ್ಲ ಅವರೇ ಹೊಸದಾಗಿ ಹಾಕಿಸಿದ್ದರು. ಹಳೇ ರೈಫಲ್ ಕೊಳ್ಳುವವರು ಮೊದಲು ಕೇಳಬೇಕಾದದ್ದೇ ಇದನ್ನು. ಉಕ್ಕು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ, ರಬ್ಬರ್ ಯಾರು ಮಾಡಿದ್ದಾದರೂ ಒಂದು ದಿನ ಪುಡಿಯಾಗುತ್ತದೆ.

ಮುನ್ನೂರು ಸ್ಪ್ರಿಂಗಿನದು. ಸ್ಪ್ರಿಂಗ್ ರೈಫಲ್ಲಿನ ತೊಂದರೆ ಅದರ ಒದೆತ. ಸ್ಪ್ರಿಂಗ್ ಬಿಚ್ಚಿಕೊಂಡು ಪಿಸ್ಟನ್ ಮುಂದೆ ನುಗ್ಗುವಾಗ ರೈಫಲ್ ಹಿಂದೆ ತಳ್ಳುತ್ತದೆ, ಪಿಸ್ಟನ್ ತುದಿ ಮುಟ್ಟಿ ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಈ ಕುಲುಕಾಟ ಆಗುವಾಗ ಪೆಲೆಟ್ಟು ಇನ್ನೂ ನಳಿಗೆಯಲ್ಲೇ ಇರುತ್ತದೆ. ಡಯಾನಾ ಕಂಪನಿಯವರು ಇದಕ್ಕೆ ಒಂದಕ್ಕೊಂದು ಎದುರಾಗಿ ಓಡುವ ಎರಡು ಪಿಸ್ಟನ್ ಇಟ್ಟರು. ಅದನ್ನು ಗಿಸ್ ಪದ್ಧತಿ ಎನ್ನುತ್ತಾರೆ. ಡಯಾನಾ 75 ಆ ಜಾತಿಯದು. ಮುನ್ನೂರಿನ ಉಪಾಯ ಇನ್ನೂ ಸರಳ. ಮರದ ಸ್ಟಾಕಿನ ಒಳಗೆ ಹಳಿಯಂಥದ್ದು ಇದೆ, ನಳಿಗೆ ಮತ್ತು ಪಿಸ್ಟನ್ನಿನ ಭಾಗವೆಲ್ಲ ಒಟ್ಟಿಗೆ ಅದರ ಮೇಲೆ ಕೂತಿದೆ. ಟ್ರಿಗರ್ ಬಿದ್ದ ಕ್ಷಣ ಅದು ಕೊಂಡಿ ಬಿಟ್ಟು ತುಸು ಹಿಂದಕ್ಕೆ ಜಾರುತ್ತದೆ. ಭುಜಕ್ಕೆ ಏನೂ ಗೊತ್ತಾಗುವುದಿಲ್ಲ. ಹೊಡೆದಾದ ಮೇಲೆ ನೋಡಿದರೆ ಡಯಾಪ್ಟರ್ (ಕಣ್ಣಿಟ್ಟು ಗುರಿ ನೋಡುವ ಸಣ್ಣ ತೂತಿನ ಭಾಗ) ಮೊದಲಿಗಿಂತ ಕಣ್ಣಿಗೆ ಹತ್ತಿರ ಬಂದಿರುತ್ತದೆ. ಪಕ್ಕದ ಲಿವರ್ ಎಳೆದಾಗ ಸ್ಪ್ರಿಂಗ್ ಹೂಡಿಕೊಳ್ಳುತ್ತದೆ, ಜಾರಿದ್ದೂ ಮುಂದೆ ಬಂದು ಕಚ್ಚಿಕೊಳ್ಳುತ್ತದೆ. ಎಣ್ಣೆ ಹಾಕಿದ ಹಳೇ ಬಾಗಿಲ ಅಗುಳಿ ಕೂತ ಹಾಗೆ ಒಂದು ಸದ್ದು. ಆ ಸದ್ದು ನನಗೆ ಈಗಲೂ ಇಷ್ಟ.

ಏರ್ ರೈಫಲ್ ಮೊದಲ ಸಲ ವಿಶ್ವ ಚಾಂಪಿಯನ್‌ಷಿಪ್‌ಗೆ ಬಂದದ್ದು 1966ರಲ್ಲಿ, ವೀಸ್‌ಬಾಡೆನ್‌ನಲ್ಲಿ. ಒಲಿಂಪಿಕ್ಸ್‌ಗೆ 1984ರಲ್ಲಿ. ಈ ನಡುವಿನ ಕಾಲದ ಶೂಟರ್‌ಗಳನ್ನು ಮಾತಾಡಿಸಿದರೆ ಮುನ್ನೂರಿನ ಹೆಸರು ಬಾರದೆ ಇರದು. ಆಮೇಲೆ ಸ್ಪ್ರಿಂಗನ್ನೇ ಬಿಟ್ಟರು. 1974ರ ವಾಲ್ಟರ್ ಎಲ್‌ಜಿಆರ್‌ನಲ್ಲಿ ಒಂದು ಸಲ ಲಿವರ್ ಎಳೆದರೆ ಒಂದು ಗುಂಡಿನಷ್ಟು ಗಾಳಿ ಒತ್ತಿಕೊಂಡು ಕೂರುತ್ತಿತ್ತು. 1984ರಲ್ಲಿ ಫೈನ್‌ವೆರ್ಕ್‌ಬೌ ಕೂಡ 600 ತಂದು ಅದೇ ದಾರಿ ಹಿಡಿಯಿತು. ನಡುವೆ ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರಿನವು ಬಂದವು, ಸೆಖೆಗೂ ಚಳಿಗೂ ಒತ್ತಡ ಬದಲಾಗುವ ಅನಿಲ ಅದು, ಹೆಚ್ಚು ಕಾಲ ನಿಲ್ಲಲಿಲ್ಲ. ಈಗಿನವೆಲ್ಲ ಗಾಳಿ ತುಂಬಿದ ಸಿಲಿಂಡರಿನವು: ಫೈನ್‌ವೆರ್ಕ್‌ಬೌ 800, ಆನ್‌ಷುಟ್ಸ್ 9015, ಸ್ಟೈಯರ್, ನನ್ನ ಹತ್ತಿರ ಇರುವ ವಾಲ್ಟರ್ ಎಲ್‌ಜಿ400.

ಎಲ್‌ಜಿ400 ತಂದ ಹೊಸತರಲ್ಲಿ ನಾನು ಮಾಡಿದ ತಪ್ಪು ದೊಡ್ಡದು. ಕೆನ್ನೆ ಹಲಗೆ, ಭುಜಕ್ಕೆ ಒರಗುವ ಬಟ್ ಪ್ಲೇಟ್, ಹಿಡಿ, ಎಲ್ಲವನ್ನೂ ತಿರುಗಿಸಬಹುದು, ಏರಿಸಬಹುದು. ಕಾರ್ಡಿನಲ್ಲಿ ಗುಂಡು ಬಿದ್ದ ಗುರುತುಗಳ ಗುಂಪು ಸ್ವಲ್ಪ ಚದುರಿದರೆ ಸಾಕು, ಕೀಲಿ ಹಿಡಿದು ಕೂರುತ್ತಿದ್ದೆ. ಮೂರು ತಿಂಗಳಲ್ಲಿ ಯಾವ ಸ್ಕ್ರೂ ಮೊದಲು ಎಲ್ಲಿತ್ತು ಎನ್ನುವುದೇ ಮರೆತುಹೋಗಿ ಅಂಕ ಇಳಿಯಿತು. ಈಗ ಒಂದು ನೋಟ್‌ಬುಕ್ ಇದೆ. ಪ್ರತಿ ಭಾಗದ ಅಳತೆ ಅದರಲ್ಲಿ ಬರೆದಿದ್ದೇನೆ, ತಿಂಗಳಿಗೆ ಒಂದಕ್ಕಿಂತ ಹೆಚ್ಚು ಬದಲಾವಣೆ ಮಾಡುವುದಿಲ್ಲ.

ಪಂದ್ಯಕ್ಕೆ ಹೊಸದೇ ಸರಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಐದು ಕೆಜಿ ಹತ್ತಿರದ ಮುನ್ನೂರನ್ನು ಅರುವತ್ತು ಸಲ ಇಳಿಸಿ, ಲಿವರ್ ಎಳೆದು, ಮತ್ತೆ ಅದೇ ನಿಲುವಿಗೆ ಬರುವಷ್ಟರಲ್ಲಿ ಸೊಂಟ ಹೇಳಿದ ಮಾತು ಕೇಳುವುದಿಲ್ಲ. ಹೊಸದರಲ್ಲಿ ಒಂದು ಸಣ್ಣ ಲಿವರ್, ಎರಡು ಬೆರಳಿನ ಕೆಲಸ. ಗಾಳಿ ಬಿಡದೆ ಟ್ರಿಗರ್ ಮಾತ್ರ ಒತ್ತಿ ಅಭ್ಯಾಸ ಮಾಡುವ ಅನುಕೂಲವೂ ಇದೆ. ಸ್ಪ್ರಿಂಗ್ ರೈಫಲ್ಲನ್ನು ಪೆಲೆಟ್ಟಿಲ್ಲದೆ ಹೊಡೆಯುವ ಹಾಗಿಲ್ಲ, ಪಿಸ್ಟನ್ ಬಡಿದು ಹಾಳಾಗುತ್ತದೆ.

ಆದರೆ ಕಲಿಯಲು ಮುನ್ನೂರು. ಟ್ರಿಗರ್ ಬಿದ್ದ ಮೇಲೆ ಪಿಸ್ಟನ್ ಓಡಿ ಗಾಳಿ ಒತ್ತಿ ಪೆಲೆಟ್ಟನ್ನು ಹೊರಹಾಕಲು ಅದಕ್ಕೆ ಸಿಲಿಂಡರಿನದಕ್ಕಿಂತ ಹೆಚ್ಚು ಹೊತ್ತು ಬೇಕು. ಕಣ್ಣಿಗೆ ಕಾಣದಷ್ಟು ಹೊತ್ತು, ಕಾರ್ಡಿನಲ್ಲಿ ಕಾಣುತ್ತದೆ. ಭಾನುವಾರ ನನ್ನ ತಂಗಿಯ ಮಗಳು ಅಭ್ಯಾಸಕ್ಕೆ ಬರುತ್ತಾಳೆ, ಪಿಯುಸಿ ಓದುತ್ತಿದ್ದಾಳೆ. ಮೊದಲ ಸಲ ಮುನ್ನೂರಲ್ಲಿ ಹೊಡೆದವಳು ಸಿಟ್ಟಾದಳು.

"ಮಾವ, ಟ್ರಿಗರ್ ಒತ್ತುವಾಗ ಸರೀ ನಡುವೇ ಇತ್ತು. ಬಿದ್ದದ್ದು ನೋಡಿದ್ರೆ ಎಂಟು!"

"ಒತ್ತಿದ ಮೇಲೆ ಎಂತ ಮಾಡ್ದೆ?"

"ಎಂತದೂ ಮಾಡ್ಲಿಲ್ಲ. ಎಲ್ಲಿ ಬಿತ್ತು ಅಂತ ನೋಡ್ದೆ."

"ಅದೇ. ನೀನು ನೋಡೋಕೆ ತಲೆ ಎತ್ತುವಾಗ ಗುಂಡು ಇನ್ನೂ ನಳಿಗೆಯಲ್ಲೇ ಇತ್ತು ಮಾರಾಯ್ತಿ."

ಅವತ್ತಿಂದ ಅವಳಿಗೆ ಒಂದೇ ನಿಯಮ: ಟ್ರಿಗರ್ ಬಿದ್ದ ಮೇಲೆ ಮನಸ್ಸಲ್ಲೇ ಎರಡು ಎಣಿಸಬೇಕು, ಅಲ್ಲಿತನಕ ನಳಿಗೆಯ ತುದಿಯಲ್ಲಿರುವ ಗುರಿ ಉಂಗುರದ ನಡುವೆ ಕಪ್ಪು ಚುಕ್ಕೆ ಹಾಗೇ ಕಾಣುತ್ತಿರಬೇಕು. ಎಲ್‌ಜಿ400ರಲ್ಲಿ ಈ ತಪ್ಪಿಗೆ ಶಿಕ್ಷೆ ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ, 9.6 ಬೀಳುತ್ತದೆ, ಹುಡುಗರು ಪೆಲೆಟ್ಟನ್ನು ಬೈಯುತ್ತಾರೆ. ನಾಲ್ಕು ತಿಂಗಳು ಮುನ್ನೂರಲ್ಲಿ ಹೊಡೆದು ಸಿಲಿಂಡರಿನದನ್ನು ಎತ್ತಿಕೊಂಡಾಗ ಅವಳ ಗುಂಪು ಒಂದು ಹುಣಸೆ ಬೀಜದೊಳಗೆ ಬಂತು.

ಇನ್ನು ಮಳೆಯ ವಿಷಯ. ಸಿಲಿಂಡರಿಗೆ 200 ಬಾರ್ ಒತ್ತಡದ ಗಾಳಿ ಬೇಕು. ನಗರದವರಿಗೆ ರೇಂಜಿನಲ್ಲೇ ಸಿಗುತ್ತದೆ. ನನಗೆ ಕೈಪಂಪು. ಒಂದು ಜುಲೈನಲ್ಲಿ, ಹೊರಗೆ ಧೋ ಎಂದು ಸುರಿಯುವಾಗ, ಕೊಟ್ಟಿಗೆಯಲ್ಲಿ ನಿಂತು ಅದರಿಂದಲೇ ತುಂಬಿದೆ. ಗಾಳಿಯಲ್ಲಿದ್ದ ನೀರಿನಂಶವೂ ಒಳಗೆ ಹೋಯಿತು. ಆಗಸ್ಟಿನಲ್ಲಿ ಗುಂಡುಗಳು ಕಾರಣವಿಲ್ಲದೆ ಕೆಳಗೆ ಬೀಳತೊಡಗಿದವು, ಬಿಚ್ಚಿಸಿದರೆ ಗಾಳಿಯ ಒತ್ತಡವನ್ನು ಒಂದೇ ಹದದಲ್ಲಿಡುವ ರೆಗ್ಯುಲೇಟರಿನ ಒಳಗೆಲ್ಲ ಪಸೆ. ಒಂದು ಹಂಗಾಮು ಪೂರ್ತಿ ಹೋಯಿತು.

ಈಗ ಸ್ಕೂಬಾದವರು ಬಳಸುವಂಥ 12 ಲೀಟರ್ ಸಿಲಿಂಡರ್ ಇಟ್ಟುಕೊಂಡಿದ್ದೇನೆ. ಸಾಗರ, ಜೋಗ, ಹೊನ್ನಾವರದ ಮೇಲೆ ಮುರುಡೇಶ್ವರಕ್ಕೆ ಹೋದರೆ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಕರೆದೊಯ್ಯುವವರ ಹತ್ತಿರ ಒಣ ಗಾಳಿ ತುಂಬುವ ಕಂಪ್ರೆಸರ್ ಇರುತ್ತದೆ. ದೊಡ್ಡದರಿಂದ ರೈಫಲ್ಲಿನ ಸಣ್ಣ ಸಿಲಿಂಡರಿಗೆ ನಿಧಾನ ಇಳಿಸಿಕೊಳ್ಳುತ್ತೇನೆ, ಒಂದು ಸಲ ತುಂಬಿದರೆ ಇನ್ನೂರಕ್ಕೂ ಹೆಚ್ಚು ಗುಂಡು. ಆದರೆ ಮಳೆಗಾಲದಲ್ಲಿ ಸಮುದ್ರ ಏರುತ್ತದೆ, ಡೈವಿಂಗ್ ಬಂದ್. ಸೆಕೆಂಡ್ ಹ್ಯಾಂಡ್ ರೈಫಲ್ ಕೊಳ್ಳುವವರು ಸಿಲಿಂಡರಿನ ಮೇಲೆ ಕೊರೆದ ತಾರೀಖನ್ನು ತಪ್ಪದೆ ಓದಬೇಕು. ಹತ್ತು ವರ್ಷ ದಾಟಿದ್ದನ್ನು ಪಂದ್ಯಕ್ಕೆ ಬಿಡುವುದಿಲ್ಲ, ಅಷ್ಟು ಒತ್ತಡದ ಹಳೇ ಲೋಹವನ್ನು ಕೆನ್ನೆ ಹತ್ತಿರ ಇಟ್ಟುಕೊಳ್ಳುವುದೂ ಬೇಡ.

ಮುನ್ನೂರಿಗೆ ಇದ್ಯಾವುದೂ ಬೇಡ. ಅದಕ್ಕೆ ಬೇಕಾದ್ದು ಒಣಗಿದ ಜಾಗ. ಸ್ಪಂಜಿನ ಪೆಟ್ಟಿಗೆಯಲ್ಲಿ ಇಟ್ಟರೆ ಸ್ಪಂಜು ತೇವ ಹೀರಿ ಹಿಡಿದುಕೊಳ್ಳುತ್ತದೆ, ನಳಿಗೆಗೆ ತುಕ್ಕು, ಆಕ್ರೋಟ್ ಮರಕ್ಕೆ ಬೂಷ್ಟು. ಮರದ ಕಪಾಟಿನ ತಳದಲ್ಲಿ ಹಗಲು ರಾತ್ರಿ ಉರಿಯುವ 15 ವ್ಯಾಟ್ ಬಲ್ಬು, ಹೊಡೆದಾದ ಮೇಲೆ ಬೆವರು ತಾಗಿದ ಕಡೆಯೆಲ್ಲ ಎಣ್ಣೆ ಬಟ್ಟೆ, ವರ್ಷಕ್ಕೊಮ್ಮೆ ಸ್ಟಾಕಿಗೆ ತೆಳ್ಳಗೆ ಅಗಸೆ ಎಣ್ಣೆ. ಪೆಲೆಟ್ಟಿನ ಡಬ್ಬಿಗಳೂ ಅಲ್ಲೇ, ಇಲ್ಲದಿದ್ದರೆ ಸೀಸದ ಮೇಲೆ ಬಿಳಿ ಪುಡಿ ಕೂರುತ್ತದೆ. ಮುಟ್ಟಿದ ಕೈ ಸೋಪು ಹಾಕಿ ತೊಳೆಯದೆ ಅಡುಗೆಮನೆಗೆ ಬರುವ ಹಾಗಿಲ್ಲ, ಇದು ಮನೆಯಲ್ಲಿ ನನ್ನವಳು ಹಾಕಿದ ಕಾನೂನು.

ಕೇಳಿಕೊಂಡು ಬರುವ ಅಪ್ಪಂದಿರಿಗೆ ನಾನು ಹೇಳುವುದು: ಮೊದಲ ವರ್ಷ ಏನೂ ಕೊಳ್ಳಬೇಡಿ, ಮಗು ಇಲ್ಲಿಗೆ ಬರಲಿ, ನಿಲ್ಲಲು ಕಲಿಯಲಿ. 4.5 ಮಿಲಿಮೀಟರಿನ, 20 ಜೌಲ್ ಮೀರದ ಏರ್ ರೈಫಲ್ಲಿಗೆ ಕೋವಿಯ ಹಾಗೆ ಲೈಸೆನ್ಸ್ ಬೇಕಿಲ್ಲ. ಅದಕ್ಕೆಂದು ಆತುರಪಟ್ಟು ತಂದು ಮಗುವಿನ ಭುಜಕ್ಕೆ ಹೊಂದದ್ದನ್ನು ಹೊರಿಸಿದರೆ, ಬಾಗಿದ ಬೆನ್ನನ್ನು ಆಮೇಲೆ ತಿದ್ದುವುದು ನನಗೆ ಕಷ್ಟ.

ಈಗ ಆಷಾಢದ ಮಳೆ. ಹಂಚಿನ ಮೇಲಿನ ಸದ್ದಿಗೆ ಟ್ರಿಗರಿನ ಸದ್ದೂ ಕೇಳುವುದಿಲ್ಲ. ದೊಡ್ಡ ಸಿಲಿಂಡರಿನ ಮುಳ್ಳು 90ಕ್ಕೆ ಇಳಿದಿದೆ. ಮುರುಡೇಶ್ವರದವರು ಮತ್ತೆ ಬೋಟ್ ಇಳಿಸುವವರೆಗೆ ಅದನ್ನು ಮುಟ್ಟುವುದಿಲ್ಲ. ಕಳೆದ ಭಾನುವಾರ ಮುನ್ನೂರಲ್ಲಿ ನಲವತ್ತು ಗುಂಡು ಹೊಡೆದ ಹುಡುಗಿ, ಕೊನೆಯ ಹತ್ತನ್ನು ಒಂದೇ ಕಾರ್ಡಿಗೆ ಹಾಕಿ, ಅದರ ಮೇಲೆ ತಾರೀಖು ಬರೆದು ದಬ್ಬೆಗೆ ಚುಚ್ಚಿ ಹೋಗಿದ್ದಾಳೆ. ಎಂಟಿನ ಸುತ್ತಿನಲ್ಲಿ ಒಂದೂ ಇಲ್ಲ.