ಸರ್ವಿಸ್‌ನಲ್ಲಿ ಹಾಕಿದ ಆಯಿಲ್ ಸರಿಯಾದದ್ದೇ? ನಾನು ಪತ್ತೆ ಮಾಡಿದ ರೀತಿ

ಸರ್ವಿಸ್ ಮುಗಿಸಿ ಕಾರು ತಂದ ಸಂಜೆ ಬಿಲ್ ಬಿಡಿಸಿ ನೋಡಿದೆ. 'ಎಂಜಿನ್ ಆಯಿಲ್, 3.5 ಲೀಟರ್' ಅಂತಷ್ಟೇ ಇತ್ತು. ಗ್ರೇಡ್, ಅಂದರೆ ಆಯಿಲ್ ಎಷ್ಟು ಮಂದ ಅಂತ ಹೇಳುವ ಗುರುತು, ಇಲ್ಲ. ನನ್ನ ಕಾರಿನ ಕೈಪಿಡಿ ಹೇಳುವುದು 0ಡಬ್ಲ್ಯೂ-20.

ಮೊದಲು ಡಿಪ್‌ಸ್ಟಿಕ್ ಎಳೆದು, ಆಯಿಲನ್ನು ಬೆರಳಿಗೆ ಹಚ್ಚಿ ತಿಕ್ಕಿ ನೋಡಿದೆ. ಜೇನಿನ ಬಣ್ಣ, ನುಣುಪು. ಅದರಿಂದ ಮಟ್ಟ ಗೊತ್ತಾಗುತ್ತದೆ, ಗ್ರೇಡ್ ಗೊತ್ತಾಗುವುದಿಲ್ಲ. ಬಣ್ಣ ನೋಡಿ ತೀರ್ಮಾನ ಮಾಡಲೇಬೇಡಿ.

ಸುಳಿವು ಸಿಕ್ಕಿದ್ದು ಬಿಲ್ಲಿನ ಮೂಲೆಯಲ್ಲಿದ್ದ ಪಾರ್ಟ್ ನಂಬರ್‌ನಲ್ಲಿ. ಹುಡುಕಿದರೆ ಅದು 5ಡಬ್ಲ್ಯೂ-30! ಎಂಜಿನ್ ತಕ್ಷಣ ಹಾಳಾಗುವಂಥದ್ದೇನಲ್ಲ, ಆದರೆ ಬಿಸಿಯಾದಾಗಲೂ ಜಾಸ್ತಿ ಮಂದ. ಕೈಪಿಡಿ ಒಪ್ಪದ ಗ್ರೇಡ್ ನನಗೆ ಬೇಡವಾಗಿತ್ತು.

ಮರುದಿನ ಬಿಲ್, ಕೈಪಿಡಿ ಎರಡನ್ನೂ ಮೇಜಿನ ಮೇಲಿಟ್ಟೆ. 'ಎಲ್ಲಾ ಕಾರಿಗೂ ಇದನ್ನೇ ಹಾಕ್ತೀವಿ ಸರ್' ಅಂದರು ಅಡ್ವೈಸರ್. ಜಗಳ ಮಾಡಲಿಲ್ಲ, ಪುಟ ತೋರಿಸಿ ಜಾಬ್ ಕಾರ್ಡ್ (ಕಾರಿಗೆ ಮಾಡಿದ ಕೆಲಸಗಳ ದಾಖಲೆ) ಕೇಳಿದೆ. ಅದರಲ್ಲೂ 5ಡಬ್ಲ್ಯೂ-30 ಅಂತಲೇ ಇತ್ತು. ಮ್ಯಾನೇಜರ್ ಒಪ್ಪಿದರು. ಹಳೆಯದನ್ನು ಇಳಿಸಿ, ಫಿಲ್ಟರ್ ಸಮೇತ ಬದಲಿಸಿ, ಸೀಲ್ ಇದ್ದ ಕ್ಯಾನನ್ನು ನನ್ನ ಮುಂದೆಯೇ ಒಡೆದು ಹಾಕಿದರು. ಹೊಸ ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಂಡೆ.

ಕಾಗದದಲ್ಲಿ ಸರಿ ಇದ್ದೂ ಅನುಮಾನ ಉಳಿದರೆ ಲ್ಯಾಬ್ ಇದೆ ಅಲ್ವಾ? 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊಸ 20 ಗ್ರೇಡ್ (0ಡಬ್ಲ್ಯೂ-20ರ ಕೊನೆಯ ಅಂಕಿ) ಆಯಿಲ್‌ನ ಸ್ನಿಗ್ಧತೆ (ಮಂದತನದ ಅಳತೆ) 6.9ರಿಂದ 9.3 ಸೆಂಟಿಸ್ಟೋಕ್ಸ್ ಒಳಗಿರಬೇಕು, 30 ಗ್ರೇಡ್ ಆದರೆ 9.3ರಿಂದ 12.5ರ ಒಳಗೆ. ಸ್ಯಾಂಪಲ್ಲನ್ನು ಸರ್ವಿಸ್ ಆದ ಕೂಡಲೇ ತೆಗೆಯಿರಿ. ತುಂಬಾ ಓಡಿದ ಮೇಲೆ ಈ ಅಂಕಿ ಬದಲಾಗುತ್ತದೆ.