ಮರಿ ಹಾಕುತ್ತಿದ್ದ ಕುದುರೆಯನ್ನು ಮತ್ತೆ ಸವಾರಿಗೆ ತರುವುದು ಹೇಗೆ

ನಾಲ್ಕೈದು ವರ್ಷ ಬರೀ ಮರಿ ಹಾಕಿಕೊಂಡಿದ್ದ ಕುದುರೆಯನ್ನು ಸವಾರಿಗೆ ತರಬೇಕು ಅಂದಾಗ ಎಲ್ಲರೂ ಮೊದಲು ಕೇಳುವುದು, ಎಷ್ಟು ದಿನ ಬೇಕು ಅಂತ. ಕಡಿಮೆ ಅಂದರೂ 6 ತಿಂಗಳು ಇಟ್ಟುಕೊಳ್ಳಿ. ವಯಸ್ಸಾಗಿದ್ದರೆ ಇನ್ನೂ ಜಾಸ್ತಿ. ದಮ್ಮು ಕೆಲವೇ ವಾರಗಳಲ್ಲಿ ಬಂದುಬಿಡುತ್ತದೆ, ಮಾಂಸಖಂಡ ಕೂಡಿಕೊಳ್ಳಲು ಕೆಲವು ತಿಂಗಳು ಬೇಕು, ಕಾಲಿನ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ), ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟುವ ಪಟ್ಟಿ), ಮೂಳೆ ಇವೆಲ್ಲ ಎಲ್ಲಕ್ಕಿಂತ ಕೊನೆಗೆ ಗಟ್ಟಿಯಾಗುವುದು. ಎರಡನೇ ತಿಂಗಳಿಗೇ ಕುದುರೆ ಏದುಸಿರಿಲ್ಲದೆ ಓಡುತ್ತದೆ, ನಮಗೂ ಆಸೆ ಹುಟ್ಟುತ್ತದೆ. ಕಾಲು ಕೆಡುವುದು ಆಗಲೇ. ನಿಮ್ಮ ಲೆಕ್ಕ ಕಾಲಿನ ಮೇಲೆ ಇರಲಿ, ದಮ್ಮಿನ ಮೇಲೆ ಬೇಡ.

ಮೊದಲನೇ ಕೆಲಸ, ಗಬ್ಬ ಇದೆಯೋ ಇಲ್ಲವೋ ನೋಡಿಸಿ. ಕುದುರೆ ಈದ 7ರಿಂದ 10 ದಿನಕ್ಕೇ ಮತ್ತೆ ಬೆದೆಗೆ ಬರಬಹುದು. ಹಾಗಾಗಿ ಮರಿ ಬಿಡಿಸಿದ ಕುದುರೆಯನ್ನು ಬೇರೆಯವರಿಂದ ತಂದಿದ್ದರೆ, ಅದರ ಹೊಟ್ಟೆಯಲ್ಲಿ ಆಗಲೇ ಇನ್ನೊಂದು ಮರಿ ನಾಲ್ಕೈದು ತಿಂಗಳಿಂದ ಬೆಳೆಯುತ್ತಿರಬಹುದು! ಹೊಟ್ಟೆ ನೋಡಿ ಹೇಳಲು ಆಗುವುದಿಲ್ಲ, ಸ್ಕ್ಯಾನ್ ಮಾಡಿಸಿ.

ಡಾಕ್ಟರು ಬಂದಾಗ ಹೃದಯ, ಹಲ್ಲು ನೋಡುವುದರ ಜೊತೆಗೆ ಕುದುರೆಯನ್ನು ಗಟ್ಟಿ ನೆಲದ ಮೇಲೆ ನೇರವಾಗಿ ಟ್ರಾಟ್ (ನಡಿಗೆಗಿಂತ ಜೋರಾದ ಹಗುರ ಓಟ) ಮಾಡಿಸಿ ನೋಡಲಿ. ಹಿಂಗಾಲನ್ನು ನೀವೂ ಪಕ್ಕದಿಂದ ಗಮನಿಸಿ. ಗೊರಸಿನ ಮೇಲಿನ ಗಂಟು ನೆಲದ ಕಡೆಗೆ ಇಳಿದುಬಿಟ್ಟಿದ್ದರೆ ಲಿಗಮೆಂಟ್ ಸಡಿಲವಾಗಿದೆ ಅಂತ ಅನುಮಾನ ಪಡಬೇಕು. ತುಂಬಾ ಮರಿ ಹಾಕಿದ ಹಳೆ ಕುದುರೆಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ, ಅಂಥದಕ್ಕೆ ಸವಾರಿ ಬೇಡವೇ ಬೇಡ. ಇನ್ನೊಂದು ಮಾತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಈಯುವಾಗ ಯೋನಿಯ ಹತ್ತಿರ ಹರಿದಿದ್ದರೆ ಓಡುವಾಗ ಅಲ್ಲಿಂದ ಗಾಳಿ ಒಳಗೆ ಹೋಗುತ್ತದೆ, ಸದ್ದೂ ಕೇಳಿಸುತ್ತದೆ, ಸೋಂಕೂ ಆಗುತ್ತದೆ. ಅದಕ್ಕೆ ಹೊಲಿಗೆ ಹಾಕಬಹುದು. ಸಂಕೋಚ ಬಿಟ್ಟು ಕೇಳಿ.

ಮರಿ ಈಗಷ್ಟೇ ಬಿಡಿಸಿದ್ದರೆ ಕೆಚ್ಚಲು ಬತ್ತುವ ತನಕ ಬೆನ್ನ ಮೇಲೆ ಏನನ್ನೂ ಹಾಕಬೇಡಿ. ಕಾಳು ಕಡಿಮೆ ಮಾಡಿ, ದಿನಾ ಕೈಯಲ್ಲಿ ಹಿಡಿದು ಓಡಾಡಿಸಿ. ಪಾಪ ಬಿಗಿದಿದೆ ಅಂತ ಹಾಲು ಹಿಂಡಬೇಡಿ, ಹಿಂಡಿದಷ್ಟೂ ತುಂಬಿಕೊಳ್ಳುತ್ತದೆ. ಒಂದು ಕಡೆ ಮಾತ್ರ ಬಿಸಿಯಾಗಿ, ಕೈ ಇಟ್ಟರೆ ಒದೆಯುವಷ್ಟು ನೋವಿದ್ದರೆ ಕೆಚ್ಚಲು ಬಾವು ಇರಬಹುದು, ಅವತ್ತೇ ಡಾಕ್ಟರನ್ನು ಕರೆಸಿ. ಹಾಲು ಕುಡಿಸುವಾಗ ತಿನ್ನುತ್ತಿದ್ದಷ್ಟೇ ಮೇವು ಈಗಲೂ ಹಾಕಿದರೆ ಕತ್ತಿನ ಮೇಲೆ ಕೊಬ್ಬು ಕಟ್ಟುತ್ತದೆ, ಆಮೇಲೆ ಗೊರಸಿನ ಉರಿಯೂತ. ಮೈತೂಕದ 2% ಆಗುವಷ್ಟು ಒಳ್ಳೆ ಒಣಹುಲ್ಲು ಹೆಚ್ಚಿನ ಕುದುರೆಗಳಿಗೆ ಸಾಕು, ಜೊತೆಗೆ ಉಪ್ಪು, ಖನಿಜ ಮಿಶ್ರಣ.

ಈಗ ನಿಜವಾದ ಕೆಲಸಕ್ಕೆ ಬರೋಣ, ಹೊಟ್ಟೆ. ಕುದುರೆಯ ಬೆನ್ನು ಬಿಲ್ಲು ಇದ್ದ ಹಾಗೆ, ಹೊಟ್ಟೆಯ ಸ್ನಾಯು ಅದರ ಹೆದೆ. ಪ್ರತಿ ಸಲವೂ 11 ತಿಂಗಳು ಮರಿ ಹೊತ್ತು ಹೆದೆ ಸಡಿಲವಾಗಿದೆ, ಬಿಲ್ಲು ತಗ್ಗಿದೆ. ಇಂಥ ಬೆನ್ನ ಮೇಲೆ ಮನುಷ್ಯ ಕೂತರೆ ಅದು ಇನ್ನೂ ತಗ್ಗುತ್ತದೆ, ನೋವಾಗುತ್ತದೆ, ಆಮೇಲೆ "ಈ ಕುದುರೆಗೆ ಸೊಕ್ಕು" ಅನ್ನುತ್ತಾರೆ. ಹಾಗಾಗಿ ಮೊದಲ 4ರಿಂದ 6 ವಾರ ಹತ್ತಲೇಬೇಡಿ. ಕೈಯಲ್ಲಿ ಹಿಡಿದು ಚುರುಕಾಗಿ ನಡೆಸಿ, ಮೊದಲು 15 ನಿಮಿಷ, ಆಮೇಲೆ ಮುಕ್ಕಾಲು ಗಂಟೆ. ಏರು ಸಿಕ್ಕರೆ ತುಂಬಾ ಒಳ್ಳೆಯದು. ನೆಲದ ಮೇಲೆ ಮರದ ಕಂಬಗಳನ್ನು ಸಾಲಾಗಿ ಇಟ್ಟು ದಾಟಿಸಿ, ದಿನಾ ಹತ್ತು ಹೆಜ್ಜೆ ಹಿಂದಕ್ಕೆ ನಡೆಸಿ, ಅವಸರ ಮಾಡದೆ.

ಕ್ಯಾರೆಟ್ ಹಿಡಿದು ಮಾಡಿಸುವ ವ್ಯಾಯಾಮ ಸುಮ್ನೆ ಆಟ ಅಲ್ಲ. ನಡೆದು ಮೈ ಬಿಸಿಯಾದ ಮೇಲೆ ಕ್ಯಾರೆಟನ್ನು ಮೊದಲು ಎದೆಯ ಹತ್ತಿರ ಹಿಡಿಯಿರಿ, ಆಮೇಲೆ ಮುಂಗಾಲುಗಳ ನಡುವೆ, ಆಮೇಲೆ ಪಕ್ಕೆಯ ಹತ್ತಿರ. ಕುದುರೆ ಕಾಲು ಕದಲಿಸದೆ ಕತ್ತು ಮಾತ್ರ ತರಬೇಕು. ನಾಲ್ಕೈದು ಸೆಕೆಂಡು ಹಾಗೇ ಇದ್ದು ಆಮೇಲೆ ಕೊಡಿ, ಮೊದಲೇ ಕಸಿದುಕೊಳ್ಳಲು ಬಿಡಬೇಡಿ. ಪಕ್ಕದಿಂದ ನೋಡುತ್ತಿರುವವರಿಗೆ ಬೆನ್ನು ಮೆಲ್ಲಗೆ ಮೇಲೆದ್ದದ್ದು ಕಾಣಿಸುತ್ತದೆ. ಇದನ್ನು ದಿನಾ ಮಾಡಿಸಿ.

ಹಳೇ ಜೀನು ಹಾಕಬೇಡಿ, ಅದರ ಮೈ ಈಗ ಬೇರೆಯೇ ಆಗಿದೆ. ಈಗ ಅಳತೆ ನೋಡಿ ಹಾಕಿದ್ದೂ ಎರಡು ತಿಂಗಳಿಗೆ ಸರಿಹೋಗುವುದಿಲ್ಲ, ಮತ್ತೆ ಮತ್ತೆ ನೋಡಿಸಬೇಕು. ಹೊಟ್ಟೆಪಟ್ಟಿ ಬೀಳುವ ಜಾಗದ ಚರ್ಮ ಮೆತ್ತಗಾಗಿರುತ್ತದೆ, ಬೇಗ ಉಜ್ಜಿ ಗಾಯವಾಗುತ್ತದೆ. ಜೀನು ತೆಗೆದ ಕೂಡಲೇ ಅಲ್ಲಿ ಕೈಯಾಡಿಸಿ, ಕೂದಲು ತಿರುಚಿದ್ದರೂ ಮಾರನೇ ದಿನ ಜೀನು ಬೇಡ.

ಹತ್ತುವ ದಿನ ಬಂದಾಗ ಹಗುರ ಇರುವವರೇ ಹತ್ತಲಿ. ಜೀನು ಸೇರಿ ಕುದುರೆಯ ತೂಕದ 15% ಒಳಗೇ ಇದ್ದರೆ ಒಳ್ಳೆಯದು. ವಾರಕ್ಕೆ ನಾಲ್ಕು ದಿನ, 20 ನಿಮಿಷ, ಬರೀ ನಡಿಗೆ, ಅದೂ ಆದಷ್ಟು ನೇರ ದಾರಿಯಲ್ಲಿ. ಮೂರು ನಾಲ್ಕು ವಾರ ಆದ ಮೇಲೆ ಒಂದೊಂದು ನಿಮಿಷದ ಟ್ರಾಟ್ ಸೇರಿಸಿ. ಸಣ್ಣ ಸುತ್ತು ಹಾಕಿಸುವುದು ಸೊಂಟಕ್ಕೂ ಹಿಂಗಾಲಿಗೂ ಕಷ್ಟ, ಅದನ್ನು ಮುಂದಕ್ಕೆ ಹಾಕಿ. ಕ್ಯಾಂಟರ್, ಅಂದರೆ ಟ್ರಾಟ್‌ಗಿಂತ ಜೋರಾದ ಓಟ, ನಾಲ್ಕನೇ ತಿಂಗಳಿಗೆ ಸಾಕು. ಸಮಯ ಮತ್ತು ವೇಗ ಎರಡನ್ನೂ ಒಂದೇ ವಾರ ಹೆಚ್ಚಿಸಬೇಡಿ. ಸುಮ್ಮನೆ ನಿಂತಾಗ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44 ಇರುತ್ತದೆ, ದವಡೆಯ ಕೆಳಗೆ ಬೆರಳಿಟ್ಟು ಎಣಿಸಿ. ಕೆಲಸ ಮುಗಿದು 10-15 ನಿಮಿಷದಲ್ಲಿ 60ಕ್ಕಿಂತ ಕೆಳಗೆ ಬರದಿದ್ದರೆ ಅವತ್ತು ಜಾಸ್ತಿ ಆಯಿತು ಅಂತ.

ಮನಸ್ಸಿನ ಕಡೆಯೂ ನೋಡಬೇಕಲ್ವಾ. ವರ್ಷಗಟ್ಟಲೆ ಗುಂಪಿನಲ್ಲಿ ಮರಿಯ ಜೊತೆ ಇದ್ದದ್ದು, ಒಂಟಿಯಾಗಿ ಹೊರಟರೆ ಕೂಗುತ್ತದೆ, ನಿಲ್ಲುತ್ತದೆ. ಮೊದಮೊದಲು ಇನ್ನೊಂದು ಕುದುರೆ ಜೊತೆಗಿರಲಿ. ಬೆದೆಯ ದಿನಗಳಲ್ಲಿ ಕೆಲವಕ್ಕೆ ಪಕ್ಕೆ ಮುಟ್ಟಿದರೂ ಆಗುವುದಿಲ್ಲ, ಸುಮಾರು 21 ದಿನಕ್ಕೊಮ್ಮೆ ಬರುತ್ತದೆ, ಗುರುತು ಹಾಕಿಟ್ಟುಕೊಳ್ಳಿ. ಹಿಂದೆ ಇದರ ಮೇಲೆ ಸವಾರಿ ಮಾಡಿದ್ದರು ಅನ್ನುವ ಮಾತನ್ನೂ ಪೂರ್ತಿ ನಂಬಬೇಡಿ, ಮೊದಲ ಸಲ ಹತ್ತುತ್ತಿದ್ದೇವೆ ಅಂದುಕೊಂಡೇ ಜೀನು, ಲಗಾಮು ಎಲ್ಲವನ್ನೂ ಒಂದೊಂದಾಗಿ ಪರಿಚಯ ಮಾಡಿಸಿ.

ದಿನಾ ಬೆಳಿಗ್ಗೆ ಲಾಯದಿಂದ ಹೊರಗೆ ತರುವ ಮೊದಲು ನಾಲ್ಕೂ ಕಾಲನ್ನು ಮೊಣಕಾಲಿಂದ ಗೊರಸಿನ ತನಕ ಸವರಿ ನೋಡಿ. ನಿನ್ನೆ ಇಲ್ಲದ ಬಿಸಿಯೋ ಊತವೋ ಒಂದೇ ಕಾಲಲ್ಲಿ ಸಿಕ್ಕರೆ ಅವತ್ತು ಕೆಲಸ ಬೇಡ, ಎರಡು ದಿನದಲ್ಲಿ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ಕುಂಟುತ್ತಿದ್ದರೆ ಎರಡು ದಿನವೂ ಕಾಯಬೇಡಿ.